ಸೋರದೆ ಖಾಲಿಯಾಗುತ್ತಿದ್ದ ಎಂಜಿನ್ ಆಯಿಲ್

ಎಂಜಿನ್ ಆಯಿಲ್ ಕಡಿಮೆಯಾದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಉರಿದು ತಿಳಿಸುತ್ತದೆ ಎಂಬ ನಂಬಿಕೆ ನಮ್ಮ ಊರಿನ ಕಾರಿನವರಲ್ಲಿ ಗಟ್ಟಿಯಾಗಿದೆ. ಹೆಚ್ಚಿನ ಕಾರುಗಳಲ್ಲಿ ಆ ದೀಪಕ್ಕೆ ಸಂಬಂಧವಿರುವುದು ಆಯಿಲಿನ ಒತ್ತಡಕ್ಕೆ ಮಾತ್ರ. ಪಂಪಿನ ಬಾಯಿಗೆ ಆಯಿಲ್ ಸಿಗದೆ ಗಾಳಿ ಸಿಕ್ಕಿದಾಗ ಒತ್ತಡ ಬೀಳುತ್ತದೆ, ಆಗ ದೀಪ ಉರಿಯುತ್ತದೆ. ಅಷ್ಟು ಹೊತ್ತಿಗೆ ಬೇರಿಂಗುಗಳಿಗೂ ಕ್ಯಾಮ್‌ಶಾಫ್ಟಿಗೂ ಪೆಟ್ಟು ಬಿದ್ದಿರುವ ಸಾಧ್ಯತೆಯಿದೆ. ಆದ್ದರಿಂದ ಆಗಾಗ ಬಾನೆಟ್ ತೆರೆದು ಡಿಪ್‌ಸ್ಟಿಕ್ ಎಳೆದು ನೋಡುವ ಅಭ್ಯಾಸವನ್ನು ನಾನು ಮೊದಲಿನಿಂದಲೂ ಇಟ್ಟುಕೊಂಡಿದ್ದೇನೆ. ಪೆರ್ಲದ ಸಮೀಪದ ನಮ್ಮ ಮನೆಯಿಂದ ಕಾಸರಗೋಡಿಗೂ ಮಂಗಳೂರಿಗೂ ಓಡಾಡುವ, ಒಂದು ಲಕ್ಷ ಕಿಲೋಮೀಟರ್ ದಾಟಿದ, 1.2 ಲೀಟರಿನ ನಾಲ್ಕು ಸಿಲಿಂಡರುಗಳ ನನ್ನ ಪೆಟ್ರೋಲ್ ಕಾರು ಆಯಿಲ್ ಕುಡಿಯತೊಡಗಿದೆ ಎಂಬುದು ಗೊತ್ತಾದದ್ದು ಹೀಗೆ ನೋಡಿದಾಗಲೇ. ಸರ್ವಿಸ್ ಮುಗಿದು 2,000 ಕಿಲೋಮೀಟರ್ ಆಗುವ ಮೊದಲೇ ಮಟ್ಟವು ಮೇಲಿನ ಗುರುತಿನಿಂದ ಕೆಳಗಿನ ಗುರುತಿಗೆ ಬಂದಿತ್ತು. ಈ ಎರಡು ಗುರುತುಗಳ ನಡುವಿನ ಅಂತರವೆಂದರೆ ನನ್ನ ಕಾರಿನಲ್ಲಿ ಹೆಚ್ಚುಕಡಿಮೆ ಒಂದು ಲೀಟರ್. ಕಾರು ನಿಲ್ಲುವ ಶೆಡ್ಡಿನ ನೆಲದಲ್ಲಾದರೋ ಎಣ್ಣೆಯ ಕಲೆಯೇ ಇರಲಿಲ್ಲ.

ಕಾರನ್ನು ಮಂಗಳೂರಿನ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಒಯ್ದು ತೋರಿಸಿದೆ. ಅಲ್ಲಿನ ಅಡ್ವೈಸರ್ ವಿನಯದಿಂದಲೇ ಮಾತನಾಡಿದರು. 1,000 ಕಿಲೋಮೀಟರಿಗೆ ಒಂದು ಲೀಟರಿನವರೆಗೆ ಆಯಿಲ್ ಖರ್ಚಾಗುವುದು ಸಹಜ, ಅದಕ್ಕಿಂತ ಹೆಚ್ಚಾದರೆ ನೋಡೋಣ ಎಂದರು. ಅವರು ಹೇಳಿದ್ದು ಸ್ವಂತ ಕಲ್ಪನೆಯೇನೂ ಅಲ್ಲ. ಹಲವು ತಯಾರಕರ ಕೈಪಿಡಿಗಳಲ್ಲಿ ಇದಕ್ಕೆ ಹತ್ತಿರದ ಮಿತಿಗಳು ಅಚ್ಚಾಗಿವೆ. ಪಿಸ್ಟನ್ ಕೆಳಗಿಳಿಯುವಾಗ ಸಿಲಿಂಡರಿನ ಗೋಡೆಯ ಮೇಲೆ ಆಯಿಲಿನ ತೆಳುವಾದ ಪದರವೊಂದು ಉಳಿಯಲೇಬೇಕು, ಅದರಲ್ಲಿ ಒಂದಿಷ್ಟು ಪೆಟ್ರೋಲಿನೊಂದಿಗೆ ಸುಟ್ಟುಹೋಗಲೇಬೇಕು. ಆದರೆ ಸರಳ ಲೆಕ್ಕವೊಂದನ್ನು ಮಾಡಿ ನೋಡಬಹುದು. ನನ್ನ ಕಾರಿನ ಎಂಜಿನ್ನಿಗೆ ಹಿಡಿಸುವ ಆಯಿಲ್ ಸುಮಾರು 3.5 ಲೀಟರ್, ಸರ್ವಿಸಿನ ಅವಧಿ 10,000 ಕಿಲೋಮೀಟರ್. ಆ ಮಿತಿಯನ್ನು ಒಪ್ಪಿಕೊಂಡರೆ, ಒಂದು ಸರ್ವಿಸಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಎಂಜಿನ್ನಿನೊಳಗಿನ ಆಯಿಲಿನ ಎರಡೂವರೆ ಪಟ್ಟಿಗೂ ಹೆಚ್ಚು ಹೊಗೆಯಾಗಿ ಹೋದರೂ ಕಾರು ಆರೋಗ್ಯವಾಗಿದೆ ಎನ್ನಬೇಕಾಗುತ್ತದೆ. ವಾರಂಟಿಯ ಜಗಳಗಳಲ್ಲಿ ತಯಾರಕರನ್ನು ಕಾಯುವ ಗೆರೆ ಅದು ಎಂಬುದೇ ನನ್ನ ಅಭಿಪ್ರಾಯ; ರೋಗ ಪತ್ತೆಗೆ ಅದು ಉಪಯೋಗಕ್ಕೆ ಬಾರದು.

ಸರ್ವಿಸ್ ಕೇಂದ್ರದವರು ಇಂಥ ಪರೀಕ್ಷೆಯನ್ನು ತಾವೇ ಮಾಡುವುದಾದರೆ ಆಯಿಲನ್ನು ಮೇಲಿನ ಗುರುತಿನವರೆಗೆ ತುಂಬಿಸಿ, ಡ್ರೈನ್ ಬೋಲ್ಟಿಗೂ ಮುಚ್ಚಳಕ್ಕೂ ಬಣ್ಣದ ಗುರುತು ಹಾಕಿ ಕಳುಹಿಸುತ್ತಾರೆ. 1,000 ಕಿಲೋಮೀಟರ್ ಓಡಿಸಿ ಮರಳಿ ಬಂದಾಗ ಎಷ್ಟು ಕಡಿಮೆಯಾಗಿದೆ ಎಂದು ನೋಡುತ್ತಾರೆ. ಇಷ್ಟಕ್ಕಾಗಿ ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋಗಿ ಬರುವ ಅಗತ್ಯ ನನಗೆ ಕಾಣಲಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಮನೆಯಲ್ಲಿ ಮೈಲುತುತ್ತು ತೂಗುವ ತಕ್ಕಡಿ ಇದ್ದೇ ಇರುತ್ತದೆ. ಆಯಿಲಿನ ಕ್ಯಾನನ್ನು ಸುರಿಯುವ ಮೊದಲೂ ಸುರಿದ ಮೇಲೂ ತೂಗಿದರೆ ಎಂಜಿನ್ನಿಗೆ ಹೋದದ್ದೆಷ್ಟು ಎಂಬುದು, ಕ್ಯಾನಿನ ಬದಿಯ ಗೆರೆಗಳಿಗಿಂತ ಎಷ್ಟೋ ಸರಿಯಾಗಿ ತಿಳಿಯುತ್ತದೆ. ಆಯಿಲ್ ನೀರಿಗಿಂತ ಹಗುರ. ಒಂದು ಲೀಟರ್ ಸುಮಾರು 850 ಗ್ರಾಂ ತೂಗುತ್ತದೆ. ಮಟ್ಟ ನೋಡುವುದಕ್ಕೆ ಸಮತಟ್ಟಾದ ನೆಲವೂ ಬೇಕು. ಗುಡ್ಡಗಳ ನಡುವಿನ ನಮ್ಮ ಊರಿನಲ್ಲಿ ನಿಜವಾಗಿ ಸಮತಟ್ಟಾದ ಜಾಗವೆಂದರೆ ಅಡಿಕೆ ಒಣಗಿಸುವ ಅಂಗಳ ಮಾತ್ರ. ಅಲ್ಲಿ ರಾತ್ರಿ ಕಾರು ನಿಲ್ಲಿಸಿ, ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಡಿಪ್‌ಸ್ಟಿಕ್ ನೋಡುವ ಪದ್ಧತಿ ಇಟ್ಟುಕೊಂಡೆ. ಎಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ ಕೆಲವು ನಿಮಿಷ ಕಾದು ನೋಡಬೇಕೆಂದು ಕೈಪಿಡಿಗಳು ಹೇಳುವುದುಂಟು. ಒಂದು ಅಳತೆಗೂ ಮತ್ತೊಂದಕ್ಕೂ ಹೋಲಿಕೆ ಮಾಡುವವರಿಗೆ ಪ್ರತಿಸಲವೂ ಒಂದೇ ರೀತಿಯಲ್ಲಿ ನೋಡುವುದೇ ಮುಖ್ಯ.

ಅಳತೆಯ ವಿಷಯದಲ್ಲಿ ಮಳೆಗಾಲ ಒಂದು ಮೋಸ ಮಾಡುತ್ತದೆ. ಪೆರ್ಲದ ಪೇಟೆಗೆ ಹಾಲು, ಬ್ಯಾಂಕು, ಸೊಸೈಟಿ ಎಂದು ನಾಲ್ಕೈದು ಕಿಲೋಮೀಟರಿನ ಓಡಾಟವೇ ಹೆಚ್ಚಾದಾಗ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಸುಡದೆ ಉಳಿದ ಪೆಟ್ರೋಲಿನ ಅಂಶವೂ ನೀರಿನ ಆವಿಯೂ ಕೆಳಗಿಳಿದು ಆಯಿಲಿನಲ್ಲಿ ಬೆರೆಯುತ್ತವೆ, ಆಯಿಲ್ ತುಂಬುವ ಮುಚ್ಚಳದ ಒಳಬದಿಯಲ್ಲಿ ಬಿಳಿಯ ಕೆನೆಯಂಥದ್ದು ಕಟ್ಟುತ್ತದೆ. ಒಂದು ಕಡೆ ಆಯಿಲ್ ಸುಟ್ಟುಹೋಗುತ್ತಿದ್ದರೂ ಇನ್ನೊಂದು ಕಡೆಯಿಂದ ಬೆರೆಯುವ ದ್ರವ ಆ ಕೊರತೆಯನ್ನು ತುಂಬಿಕೊಡುವುದರಿಂದ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಹಾಗೆಯೇ ಇರುವಂತೆ ಕಾಣುತ್ತದೆ. ಬಳಿಕ ಒಮ್ಮೆ ಮಂಗಳೂರಿಗೋ ಪಯ್ಯನ್ನೂರಿಗೋ ಹೆದ್ದಾರಿಯಲ್ಲಿ ಹೋಗಿ ಬಂದರೆ ಆ ಅಂಶಗಳೆಲ್ಲ ಆವಿಯಾಗಿ, ಒಂದೇ ದಿನದಲ್ಲಿ ಅರ್ಧ ಲೀಟರ್ ಆಯಿಲ್ ಮಾಯವಾದ ಹಾಗೆ ತೋರುತ್ತದೆ. ಹೀಗಾಗಿ ಮಳೆ ಹಿಂದೆ ಸರಿದ ಮೇಲೆ, ದೂರದ ಓಡಾಟವೂ ಸೇರಿದ 1,000 ಕಿಲೋಮೀಟರಿನ ಅಳತೆಯನ್ನಷ್ಟೇ ನಾನು ಲೆಕ್ಕಕ್ಕೆ ಹಿಡಿದೆ. ಮೇಲಿನ ಗುರುತಿಗೆ ಮರಳಲು ಬೇಕಾದದ್ದು 600 ಗ್ರಾಂ, ಎಂದರೆ 700 ಮಿಲಿಲೀಟರಿನಷ್ಟು.

ಇನ್ನು ಅದು ಹೋಗುವ ದಾರಿಯನ್ನು ಹುಡುಕಬೇಕಿತ್ತು. ಆಯಿಲ್ ಹೊರಗೆ ಸೋರಬಹುದು, ಒಳಗೆ ಸುಡಬಹುದು, ಅಪರೂಪಕ್ಕೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿಯ ಗ್ಯಾಸ್ಕೆಟ್ ಕೆಟ್ಟು, ಎಂಜಿನ್ನನ್ನು ತಂಪಾಗಿಡುವ ಕೂಲೆಂಟಿನೊಂದಿಗೆ ಬೆರೆಯಬಹುದು. ಕೊನೆಯದನ್ನು ಮೊದಲೇ ಬದಿಗಿಡಲು ಸಾಧ್ಯವಾಯಿತು. ಕೂಲೆಂಟಿನ ಮಟ್ಟ ಕದಲಿರಲಿಲ್ಲ, ಅದರ ಮೇಲೆ ಎಣ್ಣೆಯ ಪದರವೂ ಇರಲಿಲ್ಲ. ಸೋರಿಕೆಯನ್ನು ನೋಡಲು ಬದಿಯಡ್ಕದ ಸಮೀಪದ ವರ್ಕ್‌ಶಾಪಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ನನಗಿಂತ ಹಿರಿಯರು, ಗಲ್ಫಿನಲ್ಲಿ ಬಹಳ ಕಾಲ ದುಡಿದು ಬಂದವರು; ಊರಿನವರೆಲ್ಲ ಅವರನ್ನು ಇಚ್ಚ ಎಂದೇ ಕರೆಯುತ್ತಾರೆ. ಎಂಜಿನ್ನನ್ನು ತೊಳೆದು ಒಣಗಿಸಿ, ಎಂಜಿನ್ನಿನ ಮೇಲಿರುವ ಟ್ಯಾಪೆಟ್ ಕವರಿನ ಸುತ್ತ, ಫಿಲ್ಟರ್ ಕೂರುವಲ್ಲಿ, ತಳದಲ್ಲಿ ಆಯಿಲ್ ನಿಲ್ಲುವ ಸಂಪಿನ ಅಂಚಿನಲ್ಲಿ ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿ ಒಂದು ಸುತ್ತು ಓಡಿಸಿಕೊಂಡು ಬರಲು ಹೇಳಿದರು. ಪೌಡರ್ ಒದ್ದೆಯಾಗಿ ಕಪ್ಪಾದಲ್ಲಿ ಸೋರಿಕೆ ಇದೆ ಎಂದರ್ಥ. ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ ಒಂದಿಷ್ಟು ಜಿನುಗು ಕಾಣಿಸಿತು, ಗ್ಯಾಸ್ಕೆಟ್ ಬದಲಾಯಿಸಿದೆವು. ಆದರೆ ಒಂದು ಮಿಲಿಲೀಟರಿಗೆ ಸುಮಾರು 20 ಹನಿಗಳಾದರೂ ಬೇಕು. 700 ಮಿಲಿಲೀಟರ್ ಹೊರಗೆ ಹೋಗಬೇಕಾದರೆ 14,000 ಹನಿಗಳು ಎಲ್ಲಿಯೋ ಬಿದ್ದಿರಬೇಕು, ಕಾರಿನ ಹೊಟ್ಟೆಯೆಲ್ಲ ನೆನೆದಿರಬೇಕು. ಒಂದು ಮೂಲೆಯ ಜಿನುಗಿಗೆ ಅಷ್ಟು ಸಾಮರ್ಥ್ಯ ಇರಲಾರದು.

ಒಳಗೆ ಸುಡುತ್ತಿದ್ದರೆ ಹೊಗೆ ಹೇಳಬೇಕು. ಆಯಿಲ್ ಸುಟ್ಟ ಹೊಗೆ ನೀಲಿ ಛಾಯೆಯದು. ಪೆಟ್ರೋಲ್ ಹೆಚ್ಚಾದರೆ ಕಪ್ಪು, ಕೂಲೆಂಟ್ ಸೇರಿದರೆ ದಟ್ಟವಾದ ಬಿಳಿ. ನೀಲಿ ಹೊಗೆ ಯಾವಾಗ ಬರುತ್ತದೆ ಎಂಬುದು, ಬರುತ್ತದೆಯೇ ಎಂಬುದಕ್ಕಿಂತ ಮುಖ್ಯ. ಡ್ರೈವರನಿಗೆ ಅದು ಕಾಣುವುದಿಲ್ಲವಾದ್ದರಿಂದ ತಮ್ಮನ ಮಗನನ್ನು ಸ್ಕೂಟರಿನಲ್ಲಿ ಹಿಂಬಾಲಿಸಲು ಹೇಳಿದೆ. ನಮ್ಮ ದಾರಿಗಳಲ್ಲಿ ಏರಿಗೂ ಇಳಿಜಾರಿಗೂ ಬರವಿಲ್ಲ. ಉದ್ದನೆಯ ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಯುವಾಗ ಗಾಳಿಯ ದಾರಿಯ ಥ್ರಾಟಲ್ ಮುಚ್ಚಿರುತ್ತದೆ, ಸಿಲಿಂಡರಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಬಲವಾದ ನಿರ್ವಾತ ಉಂಟಾಗುತ್ತದೆ. ವಾಲ್ವಿನ ಕಡ್ಡಿಯನ್ನು ಸುತ್ತಿರುವ ರಬ್ಬರ್ ಸೀಲು ಗಟ್ಟಿಯಾಗಿದ್ದರೆ ಆ ನಿರ್ವಾತವು ಮೇಲಿನ ಆಯಿಲನ್ನು ಕೆಳಗೆ ಎಳೆಯುತ್ತದೆ. ಇಳಿಜಾರು ಮುಗಿದು ಆಕ್ಸಿಲರೇಟರ್ ಒತ್ತಿದ ಕ್ಷಣದಲ್ಲಿ ಅದೆಲ್ಲ ಒಟ್ಟಿಗೆ ಸುಟ್ಟು ನೀಲಿ ಹೊಗೆಯಾಗುತ್ತದೆ. ರಾತ್ರಿಯೆಲ್ಲ ನಿಂತ ಕಾರು ಬೆಳಿಗ್ಗೆ ಚಾಲೂ ಆದಾಗ ಒಮ್ಮೆ ಹೊಗೆ ಬಿಡುವುದಕ್ಕೂ ಕಾರಣ ಇದೇ, ಸೀಲಿನ ಮೂಲಕ ಇಳಿದ ಹನಿಗಳು ಅಲ್ಲಿ ಕಾದಿರುತ್ತವೆ. ಪಿಸ್ಟನ್ನಿನ ಸುತ್ತ ಸಿಲಿಂಡರಿನ ಗೋಡೆಗೆ ಒತ್ತಿ ಕೂರುವ ರಿಂಗು ಸವೆದಿದ್ದರೆ ಏರು ಹತ್ತುವಾಗ, ಎಂಜಿನ್ನಿಗೆ ಭಾರ ಬಿದ್ದಷ್ಟು ಹೊತ್ತೂ ಹೊಗೆ ಬರುತ್ತಿರಬೇಕು. ಹುಡುಗ ಕಂಡದ್ದು ಇಳಿಜಾರಿನ ಬುಡದಲ್ಲಿ ಒಂದು ನೀಲಿ ಮೋಡ, ಏರಿನಲ್ಲಿ ಏನೂ ಇಲ್ಲ. ಆದರೆ ಏನೂ ಕಾಣದ್ದರಿಂದ ಏನೂ ಸುಡುತ್ತಿಲ್ಲ ಎಂದು ತೀರ್ಮಾನಿಸುವಂತಿಲ್ಲ. ಹೊಗೆ ಹೋಗುವ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾದಾಗ ತೆಳುವಾದ ಹೊಗೆಯನ್ನು ತಾನೇ ಸುಟ್ಟುಬಿಡುತ್ತದೆ. ಆಯಿಲಿನಲ್ಲಿರುವ ರಂಜಕವೂ ಸತುವೂ ನಿಧಾನವಾಗಿ ಅದರ ಮೇಲೆ ಕೂತು ಅದನ್ನೇ ಹಾಳುಮಾಡುವುದರಿಂದ, ಹೊಗೆ ಕಾಣದ ಸುಡುವಿಕೆಯನ್ನೂ ಅಲಕ್ಷಿಸುವಂತಿಲ್ಲ.

ದುಬಾರಿ ಕೆಲಸಕ್ಕೆ ಇಳಿಯುವ ಮೊದಲು ಪಿಸಿವಿ ವಾಲ್ವನ್ನು ನೋಡಿದೆವು. ರಿಂಗುಗಳನ್ನು ದಾಟಿ ಕೆಳಗಿಳಿಯುವ ಅನಿಲವನ್ನು ಎಂಜಿನ್ನಿನ ಹೊಟ್ಟೆಯಿಂದ ಮತ್ತೆ ಇನ್‌ಟೇಕಿಗೆ ಕಳುಹಿಸುವ ಸಣ್ಣ ಬಿಡಿಭಾಗ ಅದು. ತೆರೆದುಕೊಂಡೇ ಸಿಕ್ಕಿಹಾಕಿಕೊಂಡರೆ ಅನಿಲದೊಂದಿಗೆ ಆಯಿಲಿನ ತುಂತುರನ್ನೂ ಎಳೆದೊಯ್ಯುತ್ತದೆ. ಮುಚ್ಚಿಕೊಂಡರೆ ಒಳಗಿನ ಒತ್ತಡ ಏರಿ ಸೀಲುಗಳಿಂದ ಆಯಿಲ್ ಹೊರಬರುತ್ತದೆ. ಇಚ್ಚ ಅದನ್ನು ಕಳಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗಿನ ಗುಂಡು ಟಕಟಕ ಎನ್ನಬೇಕಿತ್ತು, ಮಂಕಾದ ಸದ್ದು ಬಂತು. ಹೋಸಿನ ಒಳಗೆ ಎಣ್ಣೆಯ ಪಸೆಯಿತ್ತು, ಥ್ರಾಟಲಿನ ಬಾಯಿಯೂ ಒದ್ದೆಯಾಗಿತ್ತು. ಕೆಲವೇ ನೂರು ರೂಪಾಯಿಯ ಹೊಸ ವಾಲ್ವ್ ಹಾಕಿ ಮತ್ತೆ ಅಳೆದಾಗ ಖರ್ಚು ಒಂದಿಷ್ಟು ಇಳಿದಿತ್ತು, ಆದರೆ 600 ಮಿಲಿಲೀಟರಿನ ಮೇಲೆಯೇ ಇತ್ತು. ಎಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ತೆರೆದು ಹೊಗೆ ಬುಸುಬುಸು ಬರುತ್ತದೆಯೇ ಎಂದೂ ನೋಡಿದರು. ಬ್ಯಾಕ್ ಕಂಪ್ರೆಶನ್ ಎಂದು ಮೆಕ್ಯಾನಿಕರು ಹೇಳುವ, ರಿಂಗು ಸವೆದರೆ ಕಾಣುವ ಆ ಲಕ್ಷಣ ನನ್ನ ಕಾರಿನಲ್ಲಿ ಇರಲಿಲ್ಲ.

ಈ ಹಂತದಲ್ಲಿ ಕಾಸರಗೋಡಿನ ಇನ್ನೊಂದು ಗ್ಯಾರೇಜಿನವರ ಅಭಿಪ್ರಾಯವನ್ನೂ ಕೇಳಿದೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಅಗಲವಾಗುತ್ತಿದ್ದ ವರ್ಷಗಳ ಕೆಂಪು ಧೂಳೇ ಇದಕ್ಕೆಲ್ಲ ಕಾರಣ, ರಿಂಗು ಸವೆದಿದೆ, ಎಂಜಿನ್ ಬಿಚ್ಚಿ ರಿಂಗು ಬದಲಾಯಿಸುವ ಹಾಫ್ ಎಂಜಿನ್ ಕೆಲಸ ಮಾಡಿಸದೆ ಉಪಾಯವಿಲ್ಲ ಎಂದು ಅವರು ಕಾರನ್ನು ಹೆಚ್ಚು ಮುಟ್ಟದೆಯೇ ಹೇಳಿದರು. ಧೂಳಿನ ಮಾತು ಸುಳ್ಳಲ್ಲ. ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ಸರಿಯಾಗಿ ಕೂರದಿದ್ದರೆ ನಮ್ಮ ಮುರಕಲ್ಲಿನ ಧೂಳು ಒಳಗೆ ಹೋಗಿ ಸಿಲಿಂಡರನ್ನೂ ರಿಂಗನ್ನೂ ಅರೆಯುತ್ತದೆ. ಆದರೆ ನನ್ನ ಕಾರಿನ ಫಿಲ್ಟರಿನ ಆಚೆಬದಿಯ ಕೊಳವೆಯಲ್ಲಿ ಬೆರಳಾಡಿಸಿದರೆ ಧೂಳು ಅಂಟುತ್ತಿರಲಿಲ್ಲ. ಹಾಗಾಗಿ ಕಂಪ್ರೆಶನ್, ಎಂದರೆ ಪಿಸ್ಟನ್ ಗಾಳಿಯನ್ನು ಒತ್ತಿದಾಗ ಸಿಲಿಂಡರಿನಲ್ಲಿ ಏರುವ ಒತ್ತಡ, ಅದನ್ನು ಅಳೆದೇ ಮುಂದಿನ ಮಾತು ಎಂದು ಇಚ್ಚನ ಬಳಿಗೇ ಮರಳಿದೆ.

ಅವರು ಎಂಜಿನ್ ಬಿಸಿ ಮಾಡಿ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟರು. ಮೂರು ಪ್ಲಗ್ಗುಗಳ ತುದಿ ತೆಳುವಾದ ಕಂದು ಬಣ್ಣಕ್ಕಿತ್ತು. ಮೂರನೆಯ ಸಿಲಿಂಡರಿನ ಪ್ಲಗ್ ಮಾತ್ರ ಒಂದು ಬದಿಯಲ್ಲಿ ಎಣ್ಣೆಯಿಂದ ತೇವವಾಗಿ, ಬೂದಿಯಂಥ ಗಂಟು ಕಟ್ಟಿಕೊಂಡಿತ್ತು. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಿದಾಗ ಗೇಜಿನಲ್ಲಿ ನಾಲ್ಕೂ ಸಿಲಿಂಡರುಗಳು 170ರಿಂದ 180 ಪಿಎಸ್‌ಐ ಒತ್ತಡ ತೋರಿಸಿದವು. ಸಿಲಿಂಡರುಗಳ ನಡುವೆ ನೂರಕ್ಕೆ ಹತ್ತಕ್ಕಿಂತ ಹೆಚ್ಚಿನ ವ್ಯತ್ಯಾಸ ಇರಬಾರದು ಎಂಬುದು ರೂಢಿಯ ಲೆಕ್ಕ, ಅದರೊಳಗೇ ಇತ್ತು. ಮೂರನೆಯದಕ್ಕೆ ಒಂದು ಚಮಚ ಆಯಿಲ್ ಹಾಕಿ ಮತ್ತೊಮ್ಮೆ ನೋಡಿದರು. ರಿಂಗು ಸವೆದಿದ್ದರೆ ಆ ಆಯಿಲ್ ಸಂದುಗಳನ್ನು ಮುಚ್ಚಿ ಗೇಜು ಚೆನ್ನಾಗಿ ಏರಬೇಕಿತ್ತು, ಸ್ವಲ್ಪವೇ ಏರಿತು. ಹಾಗಾದರೆ ರಿಂಗು ಸರಿಯಿದೆ ಎಂದಾಯಿತಲ್ಲ ಎಂದು ನಾನು ಕೇಳಿದೆ.

“ಭಟ್ರೇ, ರಿಂಗಿನಲ್ಲಿ ಎರಡು ಜಾತಿ ಉಂಟು,” ಎಂದರು. “ಕಂಪ್ರೆಶನ್ ಹಿಡಿಯುವುದು ಮೇಲಿನ ಎರಡು. ಆಯಿಲ್ ಒರೆಸುವುದು ಅಡಿಯದ್ದು. ಮೇಲಿನದ್ದು ಲಾಯಕ್ಕಿದ್ದರೆ ಗೇಜು ಲಾಯಕ್ಕೇ ತೋರಿಸ್ತದೆ. ಅಡಿಯದ್ದು ಕರಿ ಹಿಡಿದು ಜಾಮ್ ಆಗಿದ್ದರೆ ಗೇಜಿಗೆ ಗೊತ್ತಾಗುವುದಿಲ್ಲ.”

ನಾನು ಈವರೆಗೆ ಕೇಳಿದ ಎಲ್ಲ ಮಾತುಗಳಲ್ಲಿ ಇದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ಕಂಪ್ರೆಶನ್ ಚೆನ್ನಾಗಿರುವ ಕಾರು ಆಯಿಲ್ ಕುಡಿಯುತ್ತಿದ್ದರೆ ಕಾರಣ ವಾಲ್ವ್ ಸೀಲೇ ಆಗಿರಬೇಕೆಂದಿಲ್ಲ. ಆಯಿಲ್ ರಿಂಗು ಪಿಸ್ಟನ್ನಿನ ಸುತ್ತಲಿನ ತನ್ನ ಕಚ್ಚಿನಲ್ಲಿ ಇಂಗಾಲ ಹಿಡಿದು ಅಲ್ಲಾಡದೆ ಕೂತಿದ್ದರೂ ಹೀಗೆಯೇ ಆಗುತ್ತದೆ. ಎರಡರಲ್ಲಿ ಯಾವುದೆಂದು ತಿಳಿಯಲು ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ, ಟಾರ್ಚ್ ಹಾಕಿ ವಾಲ್ವುಗಳ ಬೆನ್ನನ್ನು ನೋಡಿದೆವು. ಪೆಟ್ರೋಲ್ ಅಲ್ಲಿಗೇ ಸಿಂಪಡಣೆಯಾಗುವ ನನ್ನ ಕಾರಿನಂಥ ಎಂಜಿನ್ನಿನಲ್ಲಿ ಆ ಭಾಗ ಒಂದು ಮಟ್ಟಿಗೆ ತನ್ನಷ್ಟಕ್ಕೇ ತೊಳೆದುಕೊಂಡಿರುತ್ತದೆ. ಮೂರನೆಯ ಸಿಲಿಂಡರಿನ ಒಂದು ವಾಲ್ವಿನ ಬೆನ್ನಿನಲ್ಲಿ ಮಾತ್ರ ಕಪ್ಪಗಿನ, ತೇವ ಆರದ ಹೆಪ್ಪು ಕಡ್ಡಿಯ ಸುತ್ತ ಕಟ್ಟಿಕೊಂಡಿತ್ತು. ಪ್ಲಗ್ಗಿನ ತೂತಿನಿಂದ ಮೊಬೈಲಿಗೆ ಜೋಡಿಸುವ ಕ್ಯಾಮೆರಾ ಇಳಿಸಿದಾಗ ಸಿಲಿಂಡರಿನ ಗೋಡೆಯಲ್ಲಿ ತಯಾರಿಸುವಾಗ ಕೊರೆದ ಹೋನಿಂಗಿನ ಅಡ್ಡಗೀರುಗಳು ಇನ್ನೂ ಅಳಿಯದೆ ಕಾಣುತ್ತಿದ್ದವು, ಎಂದರೆ ಗೋಡೆ ಹೆಚ್ಚು ಸವೆದಿರಲಿಲ್ಲ. ಇಳಿಜಾರಿನ ಹೊಗೆ, ಮೂರನೆಯ ಪ್ಲಗ್, ಈ ವಾಲ್ವಿನ ಬೆನ್ನು, ಮೂರೂ ಒಂದೇ ಕಡೆಗೆ ಬೊಟ್ಟು ಮಾಡಿದವು.

ವಾಲ್ವ್ ಸೀಲ್ ಬದಲಾಯಿಸಲು ಹೆಡ್ ಇಳಿಸಲೇಬೇಕು ಎಂದು ಹಲವರು ತಿಳಿದಿದ್ದಾರೆ. ಇಚ್ಚ ಇಳಿಸಲಿಲ್ಲ. ಟ್ಯಾಪೆಟ್ ಕವರ್ ತೆಗೆದು, ಟೈಮಿಂಗ್ ಚೈನಿಗೂ ಚಕ್ರಗಳಿಗೂ ಗುರುತು ಹಾಕಿ, ಚೈನು ಕೆಳಗೆ ಜಾರದಂತೆ ತಂತಿಯಿಂದ ಕಟ್ಟಿ ಕ್ಯಾಮ್‌ಶಾಫ್ಟುಗಳನ್ನು ಎತ್ತಿದರು. ಸ್ಪ್ರಿಂಗ್ ಬಿಚ್ಚಿದಾಗ ವಾಲ್ವು ಸಿಲಿಂಡರಿನೊಳಗೆ ಬೀಳಬಾರದಲ್ಲ, ಅದಕ್ಕೆ ಪ್ಲಗ್ಗಿನ ತೂತಿನಿಂದ ನೈಲಾನ್ ಹಗ್ಗವನ್ನು ತುರುಕಿ, ಅದರ ತುದಿ ಹೊರಗೇ ಉಳಿಯುವಂತೆ ನೋಡಿಕೊಂಡು, ಪಿಸ್ಟನ್ನನ್ನು ಕೈಯಿಂದ ಮೇಲೆ ತಿರುಗಿಸಿದರು. ಒತ್ತಿಹೋದ ಹಗ್ಗದ ಸುರುಳಿ ವಾಲ್ವುಗಳನ್ನು ಕೆಳಗಿನಿಂದ ಆತು ಹಿಡಿಯಿತು. ಗಾಳಿಯ ಒತ್ತಡದಿಂದಲೂ ಇದನ್ನು ಮಾಡುತ್ತಾರೆ, ಆದರೆ ಕರೆಂಟು ಹೋದರೆ ಕಂಪ್ರೆಸರ್ ಕೈಕೊಡುತ್ತದೆ, ಹಗ್ಗ ಕೊಡುವುದಿಲ್ಲ ಎಂಬುದು ಅವರ ವಾದ. ಆಯಿಲ್ ಇಳಿದುಹೋಗುವ ತೂತುಗಳಿಗೆ ಬಟ್ಟೆ ತುರುಕಿದ ಬಳಿಕವೇ ಸ್ಪ್ರಿಂಗಿನ ಮೇಲಿನ ಲಾಕುಗಳನ್ನು ಅಯಸ್ಕಾಂತದ ಕಡ್ಡಿಯಿಂದ ತೆಗೆದರು. ಅಂಥ ಒಂದು ಚೂರು ಒಳಗೆ ಬಿದ್ದರೆ ಸಂಪು ಇಳಿಸಿ ಹುಡುಕಬೇಕಾಗುತ್ತದೆ. ಸೀಲು ಕಿತ್ತ ಮೇಲೆ ವಾಲ್ವಿನ ಕಡ್ಡಿಯನ್ನು ಎಡಬಲ ಅಲ್ಲಾಡಿಸಿ, ಅದು ಜಾರುವ ಕೊಳವೆಯಾದ ಗೈಡ್ ಸವೆದಿದೆಯೇ ಎಂದು ನೋಡುವುದನ್ನು ಅವರು ಒಂದರಲ್ಲೂ ಬಿಡಲಿಲ್ಲ. ಗೈಡ್ ಸಡಿಲವಾಗಿದ್ದರೆ ಹೊಸ ಸೀಲು ಬಹುಕಾಲ ಬಾಳುವುದಿಲ್ಲ. ಹಳೆಯ ಸೀಲುಗಳು ರಬ್ಬರಿನ ಗುಣವನ್ನೇ ಕಳೆದುಕೊಂಡು ಒಣಗಿದ ಕರಟದ ಚೂರಿನಂತೆ ಬೆರಳಲ್ಲಿ ಮುರಿಯುತ್ತಿದ್ದವು. ಒಂದು ವಾಲ್ವಿನದ್ದೇ ದೋಷವಾದರೂ ಹದಿನಾರನ್ನೂ ಬದಲಾಯಿಸಿದ್ದು ಸರಿಯೆಂದೇ ನನ್ನ ಭಾವನೆ. ಸೀಲುಗಳ ಬೆಲೆ ಕೂಲಿಯ ಎದುರು ದೊಡ್ಡದಲ್ಲ, ಎಲ್ಲವೂ ಒಂದೇ ಬಿಸಿಯನ್ನು ಅಷ್ಟೇ ವರ್ಷ ತಿಂದವು. ಸಾಮಾನ್ಯ ನೈಟ್ರೈಲ್ ರಬ್ಬರಿನ ಬದಲು ಬಿಸಿಯನ್ನು ಹೆಚ್ಚು ತಾಳುವ ವೈಟಾನ್ ಸೀಲುಗಳನ್ನು ಕೇಳಿ ತರಿಸಿದೆವು.

ಕಾರು ಹೊರಬಂದ ಮೇಲೂ ಮೊದಲ ಕೆಲವು ದಿನ ಒಂದಿಷ್ಟು ಹೊಗೆ ಇತ್ತು. ಸೈಲೆನ್ಸರಿನಲ್ಲೂ ಇನ್‌ಟೇಕಿನಲ್ಲೂ ಮೊದಲೇ ಕೂತ ಆಯಿಲ್ ಸುಟ್ಟು ಮುಗಿಯಲು ಸಮಯ ಬೇಕು, ಅಷ್ಟರಲ್ಲೇ ಅಳೆದು ಬೇಸರಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಅದು ನಿಂತ ಬಳಿಕ, ಅಂಗಳದಲ್ಲಿ ಅದೇ ತಕ್ಕಡಿಯಿಂದ 1,000 ಕಿಲೋಮೀಟರಿನ ಅಳತೆ ತೆಗೆದಾಗ ಖರ್ಚು 250 ಮಿಲಿಲೀಟರಿಗೆ ಇಳಿದಿತ್ತು. ಪೊಲ್ಯೂಷನ್ ಪರೀಕ್ಷೆಯ ಚೀಟಿಯಲ್ಲೂ ವ್ಯತ್ಯಾಸ ಕಂಡಿತು. ಬಿಎಸ್-4 ಪೆಟ್ರೋಲ್ ಕಾರಿಗೆ ಹೈಡ್ರೋಕಾರ್ಬನ್ನಿನ ಮಿತಿ 200 ಪಿಪಿಎಂ. ಹಿಂದಿನ ಸಲ ಅದರ ಹತ್ತಿರಕ್ಕೆ ಹೋಗಿದ್ದ ಅಂಕಿ ಈಗ ಅರ್ಧಕ್ಕಿಂತ ಕೆಳಗಿತ್ತು.

ಉಳಿದ 250 ಮಿಲಿಲೀಟರಿಗೆ ಆಯಿಲ್ ರಿಂಗೇ ಹೊಣೆಯಿರಬಹುದೆಂದು ಇಂಗಾಲ ಕರಗಿಸುವ ದ್ರಾವಣವನ್ನು ಪ್ಲಗ್ಗಿನ ತೂತುಗಳಿಂದ ಸುರಿದು ಒಂದು ರಾತ್ರಿ ನೆನೆಯಲು ಬಿಟ್ಟು ನೋಡಿದೆವು. ಇದನ್ನು ಮಾಡುವವರು ಮರುದಿನ ಪ್ಲಗ್ಗುಗಳನ್ನು ಹಾಕುವ ಮೊದಲೇ ಎಂಜಿನ್ ತಿರುಗಿಸಿ ಉಳಿದ ದ್ರವವನ್ನು ಹೊರಹಾಕಬೇಕು. ದ್ರವ ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಪ್ಲಗ್ ಹಾಕಿ ಚಾಲೂ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ. ದ್ರಾವಣ ಕೆಳಗೂ ಇಳಿಯುವ ಕಾರಣ ಆಯಿಲನ್ನೂ ಫಿಲ್ಟರನ್ನೂ ಬದಲಾಯಿಸಲೇಬೇಕು. ಇಷ್ಟೆಲ್ಲ ಮಾಡಿದ ಮೇಲಿನ ಅಳತೆ 200ರ ಆಸುಪಾಸಿನಲ್ಲಿ ಬಂತು. ಡಿಪ್‌ಸ್ಟಿಕ್ ನೋಡುವ ಕಣ್ಣಿನ ವ್ಯತ್ಯಾಸವೇ ಅಷ್ಟಿರಬಹುದಾದ್ದರಿಂದ ಈ ಉಪಾಯ ಫಲಿಸಿತೆಂದು ಹೇಳಲು ನಾನು ಸಿದ್ಧನಿಲ್ಲ. ಇದೇ ಸಂದರ್ಭದಲ್ಲಿ ಬಿಡಿಭಾಗದ ಅಂಗಡಿಯವರು 20ಡಬ್ಲ್ಯೂ-50ರಂಥ ದಪ್ಪ ಆಯಿಲ್ ಹಾಕಿದರೆ ಎಲ್ಲವೂ ನಿಲ್ಲುತ್ತದೆಂದು ಸಲಹೆ ಕೊಟ್ಟರು. ವಾಲ್ವುಗಳ ಸಮಯವನ್ನು ಆಯಿಲಿನ ಒತ್ತಡದಿಂದಲೇ ಹೊಂದಿಸುವ ಈಗಿನ ಎಂಜಿನ್ನುಗಳ ಸಣ್ಣ ದಾರಿಗಳಿಗೆ ಅಷ್ಟು ದಪ್ಪದ್ದು ಒಗ್ಗದು. ನನ್ನ ಕಾರಿನ ಕೈಪಿಡಿ 5ಡಬ್ಲ್ಯೂ-30ರೊಂದಿಗೆ 10ಡಬ್ಲ್ಯೂ-40ನ್ನೂ ಒಪ್ಪುತ್ತದೆ. ಮೊದಲ ಅಂಕಿ ಚಳಿಯಲ್ಲಿ ಚಾಲೂ ಆಗುವುದಕ್ಕೆ ಸಂಬಂಧಿಸಿದ್ದು, ಕಾಸರಗೋಡಿನ ಹವೆಗೆ 10 ಧಾರಾಳ ಸಾಕು. ಹಾಗಾಗಿ ಅದನ್ನೇ ಬಳಸುತ್ತಿದ್ದೇನೆ.

ಹಾಫ್ ಎಂಜಿನ್ ಕೆಲಸ ಈಗ ಬೇಡವೆಂದು ತೀರ್ಮಾನಿಸಿದ್ದೇನೆ. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸಿದರೂ ಮೂರು ಲೀಟರಿಗಿಂತ ಹೆಚ್ಚು ಆಯಿಲ್ ಬೇಕಾಗದು. ಲೀಟರಿಗೆ 500 ರೂಪಾಯಿಯಂತೆ 1,500 ರೂಪಾಯಿಗೆ ಮುಗಿಯುವ ವೆಚ್ಚಕ್ಕಾಗಿ ಹತ್ತಾರು ಸಾವಿರ ಸುರಿಯುವುದು ಅಡಿಕೆಯ ಧಾರಣೆ ಏರಿದ ವರ್ಷದಲ್ಲೂ ವಿವೇಕವಲ್ಲ. ಖರ್ಚು ಮತ್ತೆ ಅರ್ಧ ಲೀಟರ್ ದಾಟಿದರೆ, ಅಥವಾ ಏರಿನಲ್ಲಿ ಹೊಗೆ ಕಾಣಿಸಿಕೊಂಡರೆ ಆಗ ಪಿಸ್ಟನ್ ಹೊರತೆಗೆಯುವುದು ಎಂದು ಇಚ್ಚನೊಂದಿಗೆ ಮಾತಾಗಿದೆ. ಅದಕ್ಕೂ ಮೊದಲು ಕ್ಲಚ್ ಬದಲಾಯಿಸುವ ಕಾಲ ಬರುವ ಲಕ್ಷಣವಿದೆ. ಗೇರ್‌ಬಾಕ್ಸ್ ಹೇಗೂ ಇಳಿಯುವುದರಿಂದ, ಅದರ ಹಿಂದೆ ಅಡಗಿರುವ ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲನ್ನೂ ಅದೇ ಕೂಲಿಯಲ್ಲಿ ಬದಲಾಯಿಸಲು ಸೀಲನ್ನು ಈಗಲೇ ತರಿಸಿ ಇಟ್ಟಿದ್ದಾರೆ.